ಮೊದಲು ಕೇಳೋಣ, ಆಮೇಲೆ ಪ್ರಾರ್ಥಿಸೋಣ



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಕ್ರೈಸ್ತ ಸಭೆಗಳಲ್ಲಿ ಪ್ರಾರ್ಥನೆಗೆ ಬರವಿಲ್ಲ. ಉಪವಾಸ ಕೂಟ, ರಾತ್ರಿ ಪ್ರಾರ್ಥನೆ, ಮನೆ ಪ್ರಾರ್ಥನೆ, ಬಿತ್ತನೆಗೆ ಮುಂಚೆ ಹೊಲದಲ್ಲಿ ಪ್ರಾರ್ಥನೆ, ಕೊನೆಗೆ ಹೊಸ ಬೈಕಿಗೂ ಪ್ರಾರ್ಥನೆ. ಬರ ಬಂದಿರುವುದು ಕೇಳುವ ಕಿವಿಗೆ. ದೇವರ ಮುಂದೆ ಸುಮ್ಮನೆ ಕೂರಲು ಆಗುತ್ತಿಲ್ಲ, ಎದುರಿಗಿರುವವರ ಮಾತು ಪೂರ್ತಿ ಕೇಳುವ ವ್ಯವಧಾನವೂ ಇಲ್ಲ. ಇವು ಎರಡು ತಪ್ಪುಗಳಲ್ಲ, ಒಂದೇ ತಪ್ಪು ಎಂಬುದು ನಮ್ಮ ವಾದ.

ಮನೆ ಪ್ರಾರ್ಥನೆ ಹೇಗೆ ನಡೆಯುತ್ತದೆ ನೋಡಿ. ಚಾಪೆ ಹಾಸುತ್ತಾರೆ, ಚಹಾಕ್ಕೆ ಇಡುತ್ತಾರೆ. "ಏನವ್ವಾ, ಆರಾಮ ಇದ್ದೀರಿ?" ಎಂದು ಕೇಳುತ್ತೇವೆ. "ಏನ್ ಆರಾಮ್ರಿ ಪಾಸ್ಟರ್, ತೊಗರಿ ಹೋತು ನೋಡ್ರಿ" ಎಂದು ಆಕೆ ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ನಾವು ಕಣ್ಣು ಮುಚ್ಚಿ, ಕೈ ಎತ್ತಿ, ಬೆಳೆಗಾಗಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿಬಿಟ್ಟಿರುತ್ತೇವೆ. ಆಮೆನ್ ಆದ ಕೂಡಲೇ ಮುಂದಿನ ಮನೆ. ತೊಗರಿಯ ಮಾತು ಬರೀ ಬಾಗಿಲು. ಒಳಗೆ ಇನ್ನೇನಿತ್ತೋ ಯಾರಿಗೂ ತಿಳಿಯಲಿಲ್ಲ.

2022ರ ಹಂಗಾಮಿನಲ್ಲಿ ನೆಟೆ ರೋಗ ಬಿದ್ದು ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಮರೆತವರಿಲ್ಲ. ಅಂಥ ವರ್ಷದಲ್ಲಿ ಎಷ್ಟೋ ಮನೆಗಳ ನಿಜವಾದ ಭಾರ ಬೆಳೆಯದ್ದಲ್ಲ, ಕಂತಿನದ್ದು. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಗಾರೆ ಕೆಲಸಕ್ಕೆ ಹೋಗಿರುತ್ತಾನೆ. ಇತ್ತ ವಾರದ ಕಂತಿನವರು ಕಟ್ಟೆಯ ಮೇಲೆ ಬಂದು ಕೂರುತ್ತಾರೆ, ಓಣಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಹೀಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆ ತಾಯಿಯ ಮಾತನ್ನು ಕೊನೆಯವರೆಗೆ ಕೇಳಿದ್ದರೆ ಇದನ್ನು ಆಕೆಗೆ ಹೇಳಬಹುದಿತ್ತು, ಜೊತೆಗೆ ಠಾಣೆಗೂ ಹೋಗಬಹುದಿತ್ತು. ನಾವು ಬೆಳೆಗಾಗಿ ಪ್ರಾರ್ಥಿಸಿ ಎದ್ದು ಬಂದೆವು.

ಯೇಸುಸ್ವಾಮಿ ಹೀಗೆ ಮಾಡಲಿಲ್ಲ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಅದಕ್ಕಿಂತ ಅವಸರದ ಕರೆ ಯಾವುದಿದೆ? ಆದರೂ ದಾರಿಯಲ್ಲಿ, ಅಷ್ಟು ಜನರ ನೂಕುನುಗ್ಗಲಿನಲ್ಲಿ, ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಒಬ್ಬ ಹೆಂಗಸಿಗಾಗಿ ಆತ ನಿಂತ. ಆಕೆಗೆ ಆಗಲೇ ವಾಸಿಯಾಗಿತ್ತು. ಬರೀ ಗುಣಪಡಿಸುವುದೇ ಕೆಲಸವಾಗಿದ್ದರೆ ನಿಲ್ಲುವ ಅಗತ್ಯವೇ ಇರಲಿಲ್ಲ. ಆಕೆ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಳು ಎಂದು ಮಾರ್ಕನು 5ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕುರುಡ ಬಾರ್ತಿಮಾಯನಿಗೆ ಬೇಕಾದದ್ದೇನು ಎಂದು ಕಂಡವರೆಲ್ಲ ಹೇಳಬಹುದಿತ್ತು. ಕರ್ತನು ಅವನನ್ನೇ ಕೇಳಿದ.

ಇನ್ನು ಲೂಕ 10ನೆಯ ಅಧ್ಯಾಯ. ಗಾಯಗೊಂಡವನನ್ನು ಕಂಡು ನಿಂತ ಸಮಾರ್ಯದವನ ಕಥೆ ಮುಗಿಯುತ್ತಿದ್ದಂತೆಯೇ ಮಾರ್ಥ, ಮರಿಯರ ಮನೆ ಬರುತ್ತದೆ. ಒಬ್ಬ ನೆರೆಯವನಿಗಾಗಿ ನಿಂತ, ಒಬ್ಬಳು ಕರ್ತನ ಪಾದದ ಬಳಿ ಕುಳಿತಳು. ನಾವು ಮೊದಲನೆಯದನ್ನು ಸಮಾಜಸೇವೆಯ ಭಾನುವಾರಕ್ಕೂ ಎರಡನೆಯದನ್ನು ಮಹಿಳಾ ಕೂಟಕ್ಕೂ ಹಂಚಿಬಿಟ್ಟಿದ್ದೇವೆ. ಒಂದರ ಬೆನ್ನಿಗೆ ಒಂದು ಇರುವುದು ಸುಮ್ಮನೆ ಅಲ್ಲ.

ದೇವರ ಕಡೆಗಿನ ನಮ್ಮ ಗಮನದ ಸ್ಥಿತಿಯೂ ಹೀಗೇ ಇದೆ. ಪತ್ರಾಸಿನ ಕೋಣೆ, ಇಪ್ಪತ್ತು ಜನ, ಅದಕ್ಕೆರಡು ಸೌಂಡ್ ಬಾಕ್ಸ್. ಹಾಡು ನಿಂತರೆ ಸಾಕ್ಷಿ, ಸಾಕ್ಷಿ ನಿಂತರೆ ಪ್ರಸಂಗ. ನಡುವೆ ಒಂದು ನಿಮಿಷ ಮೌನವಾದರೆ ಕರೆಂಟ್ ಹೋಯಿತೇ ಎಂದು ತಿರುಗಿ ನೋಡುತ್ತೇವೆ. ಸತ್ಯವೇದ ಮೊಬೈಲಿನಲ್ಲೇ ಇರುವುದರಿಂದ ಕೀರ್ತನೆ ಓದುವಾಗ ವಾಟ್ಸಾಪ್ ಮೆಸೇಜೂ ಇಣುಕುತ್ತದೆ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಬರುವ ಭಕ್ತರು ಭೀಮಾ–ಅಮರ್ಜಾ ಸಂಗಮದಲ್ಲಿ ಗಂಟೆಗಟ್ಟಲೆ ಕುಳಿತು ಪಾರಾಯಣ ಮಾಡುತ್ತಾರೆ. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ಕೂರುವ ಶ್ರದ್ಧೆಯನ್ನು ಅವರಲ್ಲಿ ನೋಡಿ ಕಲಿಯಲು ನಾಚಿಕೆಪಡಬೇಕಿಲ್ಲ. ನಮ್ಮವರಲ್ಲೂ ಅಂಥವರಿದ್ದರು. ಸುವಾರ್ತೆ ಸಾರಲು ಜರ್ಮನಿಯಿಂದ ಬಂದ ಕಿಟೆಲ್ ಇಲ್ಲಿನ ಜನರ ಮಾತಿಗೆ ವರ್ಷಗಟ್ಟಲೆ ಕಿವಿಗೊಟ್ಟರು. ಅದರ ಫಲ 1894ರ ನಿಘಂಟು, ಇವತ್ತಿಗೂ ಕನ್ನಡಿಗರ ಕೈಯಲ್ಲಿದೆ.

"ಐದಾರು ಊರಿಗೆ ನಾನೊಬ್ಬನೇ, ಪ್ರತಿ ಮನೆಯಲ್ಲೂ ತಾಸುಗಟ್ಟಲೆ ಕೂರಲು ಆಗುತ್ತದೆಯೇ?" ಎಂದು ಸಭಾಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತು ಮನೆಗಳಿಗೆ ಹೋಗುವ ಬದಲು ಮೂರಕ್ಕೆ ಹೋಗಿ. ಉಳಿದ ಮನೆಗಳಿಗೆ ಸಭೆಯ ಹಿರಿಯರು, ಅದರಲ್ಲೂ ಹೆಂಗಸರು ಹೋಗಲಿ. ಪಾಸ್ಟರ್ ಮುಂದೆ ಆಡಲಾಗದ ಎಷ್ಟೋ ಮಾತು ರೊಟ್ಟಿ ಬಡಿಯುತ್ತ ಕುಳಿತಾಗ ತಾನಾಗಿ ಹೊರಬರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅದನ್ನು ಮುಚ್ಚಿಡುವುದು ಬೇಡ. ಜನ ನಮ್ಮ ಮುಂದೆ ಮನಸ್ಸು ಬಿಚ್ಚುವುದಿಲ್ಲ, ಯಾಕೆಂದರೆ ಅವರಿಗೆ ಹೆದರಿಕೆ. ಬುಧವಾರ ಗುಟ್ಟಾಗಿ ಹೇಳಿಕೊಂಡ ಸಂಗತಿ ಭಾನುವಾರ ಮೈಕಿನಲ್ಲಿ ಪ್ರಾರ್ಥನೆಯ ವಿಷಯವಾಗಿ ಹೊರಬೀಳುತ್ತದೆ: ಗಂಡನ ಕುಡಿತ, ಮಗಳ ಮದುವೆ ಮುರಿದದ್ದು, ಮನೆಯ ಸಾಲ. ಹೆಸರು ಹೇಳದಿದ್ದರೂ ಊರಿಗೆ ಗೊತ್ತಾಗುತ್ತದೆ. ಇದು ಪ್ರಾರ್ಥನೆಯಲ್ಲ, ಚಾಡಿಗೆ ಆಮೆನ್ ಸೇರಿಸಿದಂತೆ. ಕೇಳಿದ ಮಾತು ಹೊಟ್ಟೆಯಲ್ಲಿ ಇರದಿದ್ದರೆ ಕೇಳಲು ಹೋಗದಿರುವುದೇ ವಾಸಿ.

ಬರುವ ಭಾನುವಾರದಿಂದಲೇ ಶುರು ಮಾಡೋಣ. ಆರಾಧನೆಗೆ ಮುಂಚೆ ಐದು ನಿಮಿಷ ಸೌಂಡ್ ಬಾಕ್ಸ್ ಬಂದ್ ಮಾಡಿ ದೇವರ ಮುಂದೆ ಮೌನವಾಗಿರೋಣ. ಮನೆ ಪ್ರಾರ್ಥನೆಗೆ ಹೋದಾಗ ಮೊಬೈಲ್ ಚಪ್ಪಲಿಯ ಹತ್ತಿರವೇ ಇರಲಿ. ಮನೆಯವರು ಹೇಳಿ ಮುಗಿಸುವ ತನಕ ಯಾರೂ ಕಣ್ಣು ಮುಚ್ಚಬೇಡಿ. ಮಕ್ಕಳೆಲ್ಲ ದುಡಿಯಲು ಹೋಗಿ ಒಬ್ಬರೇ ಉಳಿದಿರುವ ಮುದುಕ ಮುದುಕಿಯರ ಮನೆಗೆ ಮೊದಲು ಹೋಗಿ, ಅವರು ಸಭೆಯವರಲ್ಲದಿದ್ದರೂ ಹೋಗಿ.

ಈ ಕರಪತ್ರವನ್ನು ಓದಿ ಎಸೆಯಬೇಡಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಏನನ್ನುತ್ತಾರೋ ಅದನ್ನೂ ಕೇಳಿಕೊಂಡು ಬನ್ನಿ.