ಅಡಿಗೆಮನೆಯ ಗೋಡೆಗೆ ಯಾವ ಬಣ್ಣ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಅಡಿಗೆಮನೆಯೊಂದನ್ನೇ ಒಡೆದು ಕಟ್ಟಿಸಿ ನೋಡು ಅಂತ ಮಾತ್ರ ಹೇಳಲಿಲ್ಲ. ಅಡಿಗೆಮನೆಗೆ ಅಷ್ಟೊಂದು ಮರ್ಯಾದೆ ಆಗ ಯಾರೂ ಕೊಡುತ್ತಿರಲಿಲ್ಲವೋ ಏನೋ! ಈ ಬೇಸಿಗೆಯಲ್ಲಿ ತಿಪಟೂರಿನ ನಮ್ಮ ಹಳೇ ಮನೆಯ ಅಡಿಗೆಮನೆ ರಿಪೇರಿಯಾಯಿತು. ಗೋಡೆ ಕೆಡವಿದ್ದು, ಕಟ್ಟೆ ಕಟ್ಟಿದ್ದು, ನಲ್ಲಿ ಕೂಡಿಸಿದ್ದು ಎಲ್ಲ ಸೇರಿ ಒಂದು ತೂಕವಾದರೆ, ಕೊನೆಗೆ ಗೋಡೆಗೆ ಯಾವ ಬಣ್ಣ ಎನ್ನುವ ಪ್ರಶ್ನೆಯೇ ಇನ್ನೊಂದು ತೂಕವಾಯಿತು. ಅದರಲ್ಲಿ ನಾನು ಕಲಿತದ್ದನ್ನು ಈ ಸಲ ನಿಮ್ಮ ಮುಂದೆ ಇಡುತ್ತೇನೆ. ಬಣ್ಣ ಬಳಿಸುವ ಯೋಚನೆಯಲ್ಲಿರುವ ಸೋದರಿಯರಿಗೆ ನಾಲ್ಕು ಕಾಸು ಉಳಿದೀತು, ಒಂದು ಅನಾಹುತವೂ ತಪ್ಪೀತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಒಂದು ಕಡೆ ಗ್ಯಾಸು, ಇನ್ನೊಂದು ಕಡೆ ಸೌದೆ ಒಲೆ. ನಮ್ಮ ಕಡೆ ತೆಂಗಿನ ಮಟ್ಟೆಗೂ ಚಿಪ್ಪಿಗೂ ಬರವಿಲ್ಲವಲ್ಲ, ಆದ್ದರಿಂದ ಒಲೆ ಆರುತ್ತಲೇ ಇರಲಿಲ್ಲ. ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ. ಕೆಳಗಿನ ಗೋಡೆ ಹೊಗೆ ಕುಡಿದು ಕುಡಿದು ಕಾಡಿಗೆಯಂತಾಗಿತ್ತು. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಸುಣ್ಣ ಬಳಿಯುವುದು, ಬೆಳ್ಳಗೆ ಕಾಣಲಿ ಅಂತ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವುದು, ಅಲ್ಲಿಗೆ ಮುಗಿಯಿತು. ಸುಣ್ಣ ಬಳಿದ ವಾರದೊಳಗೇ ಒಗ್ಗರಣೆ ಸಿಡಿದು ಅರಿಸಿನ ತಾಗಿದರೆ ಅಲ್ಲಲ್ಲಿ ಕೆಂಪು ಬೊಟ್ಟು ಏಳುತ್ತಿತ್ತು. ಅರಿಸಿನ ಸುಣ್ಣ ಸೇರಿದರೆ ಓಕುಳಿ ತಾನೇ! ಯಾವ ಬಣ್ಣ ಅಂತ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ, ನಾವೂ ಯೋಚಿಸುತ್ತಿರಲಿಲ್ಲ.

ಈ ಸಲ ನಮ್ಮ ಮನೆಯವರು, "ನಿನ್ನ ಅಡಿಗೆಮನೆ, ಬಣ್ಣ ನೀನೇ ಹೇಳು" ಅಂದುಬಿಟ್ಟರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಸಂಸಾರದಲ್ಲಿ ಒಂದು ಗೋಡೆಯ ಬಣ್ಣವನ್ನು ನನ್ನ ಇಷ್ಟಕ್ಕೆ ಬಿಟ್ಟದ್ದು ಇದೇ ಮೊದಲು. ನನಗಾದ ಸಂತೋಷ ನೀವೇ ಊಹಿಸಿಕೊಳ್ಳಿ. ಗಾಢ ಬಣ್ಣ ಬೇಡ, ಹಬ್ಬಕ್ಕೂ ಹರಿದಿನಕ್ಕೂ ಕಣ್ಣಿಗೆ ಹಿತವಾಗಿ, ಯಾವುದಕ್ಕೂ ಹೊಂದಿಕೊಂಡು ಹೋಗುವ ಸಾದಾ ಬಣ್ಣ ಇರಲಿ ಅಂತ ನಿಶ್ಚಯಿಸಿದೆ. ಅಂಗಡಿಯವರು ಇಂಥದ್ದಕ್ಕೆ ನ್ಯೂಟ್ರಲ್ ಶೇಡ್ ಅನ್ನುತ್ತಾರೆ. ಮಗಳು ಬೂದು ಬಣ್ಣವೇ ಈಗಿನ ಫ್ಯಾಷನ್ ಅಂದಳು. "ಬೂದಿಯನ್ನು ಒಲೆಯಿಂದ ತೆಗೆದು ಗೋಡೆಗೆ ಬಳೀತೀರೇನೇ?" ಅಂತ ಅತ್ತೆ ನಕ್ಕರು. ಆ ನಗು ಬಿಟ್ಟರೆ ಅವರು ಬೇರೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಮೊದಲನೆಯ ತಪ್ಪು ಅದೇ.

ಎರಡನೆಯ ತಪ್ಪು ಅಂಗಡಿಯಲ್ಲಿ ಆಯಿತು. ಶೇಡ್ ಕಾರ್ಡಿನಲ್ಲಿ ಬೆಂಕಿಪೆಟ್ಟಿಗೆಯಷ್ಟಗಲದ ಚೌಕ ನೋಡಿ, ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ "ಇದೇ ಸರಿ" ಅಂತ ಐವರಿ ಬಣ್ಣ ಆರಿಸಿದೆ. ಕಾರ್ಡಿನಲ್ಲಿ ಹಾಲಿನ ಕೆನೆಯಂತಿತ್ತು. ಗೋಡೆಗೆ ಬಳಿದು ಒಣಗಿದ ಮೇಲೆ ನೋಡುತ್ತೇನೆ, ಗುಲಾಬಿ ತಿರುಗಿದೆ! ಪೇಂಟರನ್ನು ಗದರಿಸಿಕೊಂಡೆ. ಪಾಪ, ಅವನ ತಪ್ಪಿರಲಿಲ್ಲ. ನಮ್ಮದು ರೆಡ್ ಆಕ್ಸೈಡ್ ನೆಲ. ಪೂರ್ವದ ಕಿಟಕಿಯಿಂದ ಬಂದ ಬಿಸಿಲು ಕೆಂಪು ನೆಲದ ಮೇಲೆ ಬಿದ್ದು ಅಲ್ಲಿಂದ ಗೋಡೆಗೆ ಏಳುತ್ತಿತ್ತು. ನೆಲದ ಬಣ್ಣ, ಕಿಟಕಿಯಾಚೆಗಿನ ಗಿಡಮರದ ಹಸಿರು, ಎದುರು ಮನೆಯ ಗೋಡೆ, ಇವೆಲ್ಲ ತಿಳಿ ಬಣ್ಣದ ಮೇಲೆ ಛಾಯೆ ಹಾಯಿಸುತ್ತವೆ. ಇನ್ನೊಂದು ವಿಷಯ, ಸಣ್ಣ ಚೌಕದಲ್ಲಿ ಕಾಣುವುದಕ್ಕಿಂತ ನಾಲ್ಕು ಗೋಡೆಯ ಮೇಲೆ ಬಣ್ಣ ಯಾವಾಗಲೂ ಗಾಢವಾಗಿಯೇ ಕಾಣುತ್ತದೆ.

ಬಿಳಿ ಅಂದರೆ ಬಿಳಿಯೇ ಅಲ್ಲವೇ ಅಂತ ನಿಮಗೂ ಅನ್ನಿಸಬಹುದು. ಒಂದು ಕೆಲಸ ಮಾಡಿ. ಒಂದು ಬಿಳಿ ಹಾಳೆಯ ಮೇಲೆ ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ, ಗೋಧಿ ಹಿಟ್ಟು, ಕಡಲೆ ಹಿಟ್ಟು ಒಂದೊಂದು ಚಮಚ ಸಾಲಾಗಿ ಇಟ್ಟು ನೋಡಿ. ಡಬ್ಬಿಯಲ್ಲಿದ್ದಾಗ ಮೈದಾ ಬೆಳ್ಳಗೇ ಇರುತ್ತದೆ, ಅಕ್ಕಿ ಹಿಟ್ಟಿನ ಪಕ್ಕ ಬಂದರೆ ಹಳದಿಗಾಗುತ್ತದೆ. ರವೆಯಲ್ಲಿ ಹಳದಿ, ಗೋಧಿ ಹಿಟ್ಟಿನಲ್ಲಿ ಒಂದಿಷ್ಟು ಕಂದು. ಸಾದಾ ಬಣ್ಣಗಳೂ ಹೀಗೆಯೇ. ಒಂದರ ಹೊಟ್ಟೆಯೊಳಗೆ ಗುಲಾಬಿ, ಒಂದರೊಳಗೆ ಹಳದಿ, ಇನ್ನೊಂದರೊಳಗೆ ಹಸಿರೋ ನೀಲಿಯೋ ಅಡಗಿರುತ್ತದೆ. ಶುದ್ಧ ಬಿಳಿ ಕಾಗದದ ಪಕ್ಕ ಹಿಡಿದರೆ ಅದು ಬಯಲಾಗುತ್ತದೆ. ಅಂಗಡಿಗೆ ಹೋಗುವಾಗ ಒಂದು ಬಿಳಿ ಹಾಳೆ, ನಿಮ್ಮ ಟೈಲ್ಸಿನ ಒಂದು ಚೂರು ಚೀಲದಲ್ಲಿ ಹಾಕಿಕೊಳ್ಳಿ.

ಗುಲಾಬಿಯಾದರೇನು, ಇರಲಿ ಬಿಡು ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಒಲೆಯ ಪಕ್ಕ ಬಿಸಿ ಪಾತ್ರೆ ಇಳಿಸಲೆಂದು ಗೋಡೆಗೆ ಸೇರಿಸಿ ಒಂದು ಗಿಡ್ಡ ಕಟ್ಟೆ ಕಟ್ಟಿಸಿದ್ದೆವು. ಚೆಂದ ಕಾಣಲಿ ಅಂತ ಅದಕ್ಕೂ ಗೋಡೆಯ ಬಣ್ಣವನ್ನೇ ಬಳಿಸಿದ್ದೆ. ಹಿಂದಿನ ಟೈಲ್ಸೂ ಅದೇ ತರಹದ ಕೆನೆ ಬಣ್ಣ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿದ್ದೆ. ಒಳಗೆ ಪಾತ್ರೆ ಬಿದ್ದ ಸದ್ದು. ಓಡಿಬಂದು ನೋಡಿದರೆ ಕಾದ ಹಾಲು ನೆಲದ ತುಂಬ, ಅತ್ತೆ ಕಾಲು ಹಿಡಿದುಕೊಂಡು ಗೋಡೆಗೆ ಒರಗಿದ್ದಾರೆ. ಪಾತ್ರೆಯನ್ನು ಅರ್ಧ ಕಟ್ಟೆಯ ಮೇಲೆ, ಅರ್ಧ ಗಾಳಿಯಲ್ಲಿ ಇಟ್ಟಿದ್ದರು.

"ಶಾಯಿ ಇದ್ರೆ ಹಚ್ಚೇ" ಅಂದರು. ನಾನು ಶಾಯಿಯನ್ನೂ ತರಲಿಲ್ಲ, ಬೆಣ್ಣೆಯನ್ನೂ ಹಚ್ಚಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ನಲ್ಲಿಯ ನೀರು ಬಿಟ್ಟು, ಆಮೇಲೆ ಡಾಕ್ಟರ ಹತ್ತಿರ ಹೋದೆವು. ದೇವರು ದೊಡ್ಡವನು, ಪಾದದ ಮೇಲೆ ಸ್ವಲ್ಪವೇ ಬೊಬ್ಬೆ ಎದ್ದಿತ್ತು.

ಆ ಮಧ್ಯಾಹ್ನ ಅವರ ಪಕ್ಕ ಕೂತು ಕೇಳಿದೆ. "ಕಟ್ಟೆ ಎಲ್ಲಿ ಮುಗೀತು ಅಂತ ಕಾಣಲಿಲ್ಲ ಕಣೇ. ಗೋಡೆ, ಕಟ್ಟೆ, ಟೈಲ್ಸು ಎಲ್ಲಾ ಒಂದೇ, ಹಾಲು ಚೆಲ್ಲಿದ ಹಾಗೆ ಕಾಣುತ್ತೆ" ಅಂದರು. "ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?" ಅಂದೆ. "ನೀವೆಲ್ಲ ಇಷ್ಟಪಟ್ಟು ಮಾಡಿಸಿದ್ದೀರಿ. ಕಣ್ಣು ಕಾಣೋಲ್ಲ ಅಂದ್ರೆ ಒಳಗೇ ಬರಬೇಡಿ ಅಂತೀರೇನೋ ಅಂತ ಸುಮ್ಮನಿದ್ದೆ."

ಸೋದರಿಯರೇ, ಆ ಮಾತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಅರ್ಧ ಶತಮಾನ ಆ ಅಡಿಗೆಮನೆಯಲ್ಲಿ ಬೇಯಿಸಿ ಬಡಿಸಿದವರು ಅವರು. ಇವರು "ನಿನ್ನ ಅಡಿಗೆಮನೆ" ಅಂದಾಗ ಹಿಗ್ಗಿದ ನಾನು, ಅದು ಅವರದೂ ಹೌದು ಅಂತ ನೆನೆಯಲಿಲ್ಲ. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ಬಾಕಿಯಿದೆ. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿ ತಿರುಗಿ ಮಸುಕಾಗುತ್ತದೆ, ಒಂದರ ಪಕ್ಕ ಇರುವ ಅದೇ ಬಣ್ಣದ ಇನ್ನೊಂದು ವಸ್ತು ಬೇರೆಯಾಗಿ ಗೊತ್ತಾಗುವುದೇ ಇಲ್ಲ. ಮಿರುಗುವ ಗೋಡೆಯ ಮೇಲೆ ದೀಪ ಹೊಳೆದರೆ ಕಣ್ಣು ಕೋರೈಸುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಬಣ್ಣ ಆರಿಸುವಾಗ ಮಾತ್ರ ಮರೆತಿದ್ದೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ಅಂಗಡಿಯಲ್ಲಿ ಸ್ಯಾಂಪಲ್ಲಿಗೆಂದೇ ಸಿಗುವ 200 ಮಿಲಿಲೀಟರ್ ಡಬ್ಬಿಗಳನ್ನು ತಂದು, ಮೂರು ದಪ್ಪ ಡ್ರಾಯಿಂಗ್ ಹಾಳೆಗಳಿಗೆ ಎರಡೆರಡು ಸಲ ಬಳಿದು ಒಣಗಿಸಿದೆವು. ಒಂದು ಚಿರೋಟಿ ರವೆಯಂಥ ಬಣ್ಣ, ಒಂದು ಮಗಳ ಬೂದು, ಇನ್ನೊಂದು ಗೋಧಿ ಹಿಟ್ಟಿನಂಥದ್ದು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ದೀಪ ಹಾಕಿದ ಮೇಲೆ, ಹೀಗೆ ಮೂರು ಹೊತ್ತೂ ಬೇರೆ ಬೇರೆ ಗೋಡೆಗೆ ಅಂಟಿಸಿ ನೋಡಿದೆವು. ಬೂದು ಬಣ್ಣ ಮಧ್ಯಾಹ್ನ ತೆಂಗಿನ ಮರದ ನೆರಳಿಗೆ ಹಸಿರಾಯಿತು, ರಾತ್ರಿ ಬಿಳಿ ದೀಪಕ್ಕೆ ನೀಲಿಯಾಯಿತು. ಮಗಳೇ "ಬೇಡ ಬಿಡಮ್ಮ" ಅಂದಳು. ರವೆ ಬಣ್ಣ ಬೆಳಗಿನ ಬಿಸಿಲಿಗೆ ಪೂರಾ ಹಳದಿಯಾಯಿತು. ಗೋಧಿ ಹಿಟ್ಟಿನ ಬಣ್ಣದ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಹಸಿರು ಇತ್ತು. ಅದು ಕೆಂಪು ನೆಲದ ಛಾಯೆಯನ್ನು ನುಂಗಿಕೊಂಡು ಮೂರು ಹೊತ್ತೂ ಒಂದೇ ಸಮನಾಗಿತ್ತು.

ಅತ್ತೆ ಒಂದೊಂದೇ ಕಣ್ಣು ಮುಚ್ಚಿ ನೋಡಿದರು. "ಈ ಕಣ್ಣಲ್ಲಿ ನೋಡಿದ್ರೆ ಅಕ್ಕಿ ಹಿಟ್ಟು, ಈ ಕಣ್ಣಲ್ಲಿ ನೋಡಿದ್ರೆ ಬೆಲ್ಲದ ನೀರು!" ಅಂತ ನಕ್ಕರು. ಆಮೇಲೆ ಅವರೇ ಹೇಳಿದರು: "ಯಾವ ಬಣ್ಣವಾದ್ರೂ ಇರಲಿ, ಅಂಚು ಎಳೀರೇ. ಸುಣ್ಣ ಬಳಿದ ಮೇಲೆ ಒಲೆ ಅಂಚಿಗೆ, ಹೊಸಿಲ ಪಕ್ಕಕ್ಕೆ ನಾವು ಕೆಮ್ಮಣ್ಣು ಎಳೀತಿದ್ವಲ್ಲ, ಬುಡ್ಡಿ ದೀಪದಲ್ಲೂ ಅಂಚು ಕಾಣ್ತಿತ್ತು." ಸುಣ್ಣ-ಕಾರಣೆ ಬರೀ ಅಂದಕ್ಕೆ ಅಂದುಕೊಂಡಿದ್ದೆ ನಾನು. ಗೋಡೆಗೆ ಗೋಧಿ ಹಿಟ್ಟಿನ ಬಣ್ಣ, ಗಿಡ್ಡ ಕಟ್ಟೆಗೂ ಗೂಡುಗಳ ಅಂಚಿಗೂ ಕೆಮ್ಮಣ್ಣಿನ ಬಣ್ಣದ ಎರಡು ಅಂಗುಲದ ಪಟ್ಟಿ, ಹೀಗೆ ತೀರ್ಮಾನವಾಯಿತು.

ಈಗ ಉಪಯೋಗಕ್ಕೆ ಬರುವ ಕೆಲವು ಮಾತು. ಕತ್ತರಿಸಿ ಇಟ್ಟುಕೊಳ್ಳಿ.

1. ಹೊಸ ಸಿಮೆಂಟ್ ಗಾರೆಗೆ ನೀರುಣಿಸಿ, ಅದು ಚೆನ್ನಾಗಿ ಒಣಗುವ ತನಕ ಬಣ್ಣ ಬೇಡ. ಕಡಿಮೆಯೆಂದರೂ 28 ದಿನ ಬಿಡಿ, ಮಳೆಗಾಲವಾದರೆ ಇನ್ನೂ ಹೆಚ್ಚು. ಹಸಿ ಗೋಡೆಗೆ ಬಳಿದರೆ ಉಪ್ಪು ಎದ್ದು ಬಣ್ಣ ಬೊಬ್ಬೆಯಾಗಿ ಉದುರುತ್ತದೆ.

2. ಹೊಗೆ ಹಿಡಿದ ಹಳೇ ಗೋಡೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ, ಕೈಗೆ ಗವಸು ಹಾಕಿಕೊಂಡು ತಿಕ್ಕಿ ತೊಳೆಸಿ. ಹಾಗೇ ಎಮಲ್ಷನ್ ಬಳಿದರೆ ಹೊಗೆಯ ಕಂದು ಕಲೆ ಮೇಲಕ್ಕೆ ಹಾಯ್ದು ಬರುತ್ತದೆ. ತೊಳೆದ ಮೇಲೂ ಕಲೆಯಿದ್ದರೆ ಅಲ್ಲಿಗೆ ಮೊದಲು ಎಣ್ಣೆಯ ಪ್ರೈಮರ್ ಕೊಡಿಸಿ. ಹಳೇ ಸುಣ್ಣದ ಪದರವಿದ್ದರೆ ಕೆರೆದು ತೆಗೆಸಬೇಕು, ಪುಡಿ ಸುಣ್ಣದ ಮೇಲೆ ಬಣ್ಣ ನಿಲ್ಲುವುದಿಲ್ಲ.

3. ಹಳೇ ಬಾಗಿಲು ಕಿಟಕಿಯ ಆಯಿಲ್ ಪೇಂಟು ಉಜ್ಜುವಾಗ ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣ ಧೂಳು ಏಳದಂತೆ ನೀರು ಹಚ್ಚಿ ಉಜ್ಜಿಸಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎನ್ನುವ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಓದಿ ಕೊಳ್ಳಿ.

4. ಅಡಿಗೆಮನೆಗೆ ಡಿಸ್ಟೆಂಪರ್ ಅಗ್ಗವಾದರೂ ಒರೆಸಿದರೆ ಕೈಗೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ, ತುಂಬಾ ಮಿರುಗದ ಎಮಲ್ಷನ್ ಒಳ್ಳೆಯದು.

5. ಎಷ್ಟು ಬಣ್ಣ ಬೇಕು? ನಮ್ಮದು 10 ಅಡಿ, 12 ಅಡಿ ಕೋಣೆ, 10 ಅಡಿ ಎತ್ತರ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ, ಟೈಲ್ಸು, ಕಟ್ಟೆಯ ಕೆಳಭಾಗ ಕಳೆದರೆ ಸುಮಾರು 330. ನಯವಾದ ಗೋಡೆಗೆ ಒಂದು ಲೀಟರಿನಲ್ಲಿ ಎರಡು ಕೋಟು ಸುಮಾರು 120 ಚದರ ಅಡಿಗೆ ಬರುತ್ತದೆ. ಅಂದರೆ 3 ಲೀಟರ್ ಸಾಕು. 4 ಲೀಟರಿನ ಡಬ್ಬಿ ಒಂದೇ ಸಲ ಕಲಸಿಸಿ ತನ್ನಿ. ಸಾಲದೆ ಮತ್ತೆ ಕಲಸಿಸಿದರೆ ಬಣ್ಣ ಅದೇ ಹದಕ್ಕೆ ಬರುವ ಭರವಸೆಯಿಲ್ಲ. ಉಳಿದದ್ದನ್ನು ಸೀಸೆಗೆ ತುಂಬಿ, ಶೇಡಿನ ನಂಬರ್ ಬರೆದು ಇಟ್ಟುಕೊಳ್ಳಿ, ಮೊಳೆ ಹೊಡೆದ ಜಾಗಕ್ಕೆ ಆಗುತ್ತದೆ.

6. ದೀಪ ಮೊದಲು, ಬಣ್ಣ ಆಮೇಲೆ. ಎಲ್‌ಇಡಿ ಡಬ್ಬಿಯ ಮೇಲೆ 6500 ಕೆ ಅಂತಿದ್ದರೆ ನೀಲಿ ಬೆರೆತ ಬಿಳಿ, 2700 ಅಥವಾ 3000 ಅಂತಿದ್ದರೆ ಹಳದಿ. ನಾವು ನಡುವಿನ 4000 ಹಾಕಿಸಿದೆವು. ನಿಮ್ಮ ಬೆನ್ನ ಹಿಂದೆ ದೀಪವಿದ್ದರೆ ತರಕಾರಿ ಹೆಚ್ಚುವ ಜಾಗಕ್ಕೆ ನಿಮ್ಮ ನೆರಳೇ ಬೀಳುತ್ತದೆ. ಕಟ್ಟೆಯ ಮೇಲೆ ಇನ್ನೊಂದು ಸಣ್ಣ ದೀಪ ಬೇಕೇ ಬೇಕು.

7. ಗೋಡೆಗೆ ಅರಿಸಿನ ಸಿಡಿದರೆ ಆಗಲೇ ತಣ್ಣೀರಿನಲ್ಲಿ ಒರೆಸಿ. ಸೋಪು ಹಾಕಿದೊಡನೆ ಕೆಂಪಾದರೆ ಗಾಬರಿ ಬೇಡ, ನೀರು ಹಾಕಿ ಒರೆಸಿದರೆ ಇಳಿಯುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಉಳಿದ ಹಳದಿ ದಿನಕಳೆದಂತೆ ತಾನೇ ಮಾಸುತ್ತದೆ.

ಅತ್ತೆಯ ಕಾಲು ವಾಸಿಯಾಗಿದೆ. ಮತ್ತೆ ಬೆಳಗಿನ ಕಾಫಿಗೆ ಅವರೇ ಹಾಲು ಕಾಯಿಸುತ್ತಾರೆ. ಕೆಂಪು ಪಟ್ಟಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಆಮೇಲೆ ಪಾತ್ರೆ ಇಳಿಸುತ್ತಾರೆ. ಬಣ್ಣ ಹೇಗಿದೆ ಅಂತ ನೆಂಟರು ಕೇಳಿದರೆ, "ಚೆನ್ನಾಗಿದೆ. ಆದರೆ ಸುಣ್ಣದ ವಾಸನೆ ಇಲ್ಲ ನೋಡಿ, ಹಬ್ಬ ಬಂತು ಅನ್ನಿಸೋದೇ ಇಲ್ಲ" ಅನ್ನುತ್ತಾರೆ. ಅದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದಿಲ್ಲ.

ನಿಮ್ಮ ಮನೆಯಲ್ಲೂ ಬಣ್ಣದ ಮಾತು ಎದ್ದರೆ, ಶೇಡ್ ಕಾರ್ಡನ್ನು ಮೊದಲು ಮನೆಯ ಹಿರಿಯರ ಕೈಗೆ ಕೊಡಿ. ಇಷ್ಟವೇ ಅಂತ ಕೇಳುವುದರ ಜೊತೆಗೆ, ಕಾಣುತ್ತದೆಯೇ ಅಂತಲೂ ಕೇಳಿ.