ನಾಯಕನಿಗಿಲ್ಲದ ವಯಸ್ಸು ನಾಯಕಿಗೇಕೆ?

‘ಬೇಡರ ಕಣ್ಣಪ್ಪ’ ಎಂದರೆ ನಮಗೆ ನೆನಪಾಗುವುದು ರಾಜ್‌ಕುಮಾರ್. 1954ರಲ್ಲಿ ನಾಯಕನಾಗಿ ಅವರಿಗದು ಮೊದಲ ಚಿತ್ರ. ಎದುರಿಗಿದ್ದ ನಾಯಕಿ ಪಂಡರಿಬಾಯಿ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಭಟ್ಕಳದವರು. 1943ರ ‘ವಾಣಿ’ಯಿಂದಲೇ ಚಿತ್ರರಂಗದಲ್ಲಿದ್ದವರು. 1952ರ ತಮಿಳು ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ಅವರಿಗೂ ಇವರೇ ಮೊದಲ ನಾಯಕಿ.

ಮುಂದೇನಾಯಿತು? 1969ರ ‘ದೈವ ಮಗನ್’ನಲ್ಲಿ ತಂದೆಯೂ ಶಿವಾಜಿ, ಇಬ್ಬರು ಗಂಡುಮಕ್ಕಳೂ ಶಿವಾಜಿ. ಪಂಡರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರಿಗೆ ತಾಯಿ! 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ರಾಜ್‌ಕುಮಾರ್ ಇನ್ನೂ ನಾಯಕ. ಜೋಡಿಯಾಗಿ ಮಗಳ ಪ್ರಾಯದ ಮಾಧವಿ, ಗೀತಾ. ಹೆಚ್ಚುಕಡಿಮೆ ನಾಯಕನದೇ ವಯಸ್ಸಿನ ಪಂಡರಿಬಾಯಿ ಅವರ ತಾಯಿ. ಅದೇ ಕಥೆ 1992ರಲ್ಲಿ ತಮಿಳಿನ ‘ಮನ್ನನ್’ ಆದಾಗ ರಜನಿಕಾಂತ್‌ಗೂ ಅವರೇ ತಾಯಿ. 2003ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ನೆನೆದದ್ದು ‘ಅಮ್ಮ’ನನ್ನು.

ತಾಯಿಯ ಪಾತ್ರ ಕೀಳೇ ಎಂದು ಕೇಳುವವರಿದ್ದಾರೆ. ತಾಯಿಯ ಪಾದದಡಿ ಸ್ವರ್ಗವಿದೆ ಎಂದು ನಂಬಿದವರು ನಾವು. ಆ ಪಾತ್ರಕ್ಕೆ ಪಂಡರಿಬಾಯಿ ತಂದ ಘನತೆಯೂ ದೊಡ್ಡದು. ಆದರೆ ನಮ್ಮ ಸಿನಿಮಾದ ತಾಯಿ ಮಗನಿಗಾಗಿ ಅತ್ತದ್ದನ್ನು, ಹರಸಿದ್ದನ್ನು ಬಿಟ್ಟು ತನಗಾಗಿ ಏನನ್ನಾದರೂ ಬಯಸಿದ್ದನ್ನು ಎಷ್ಟು ಸಲ ಕಂಡಿದ್ದೀರಿ? ಪೂಜೆಯ ಹೆಸರಿನಲ್ಲಿ ಹೆಣ್ಣನ್ನು ಮೂಲೆಗೆ ಕೂರಿಸುವ ಉಪಾಯವಿದು. ಗಂಡಸಿಗೆ ಈ ಕಟ್ಟಳೆಯಿಲ್ಲ. ನಮ್ಮದೇ ಜಿಲ್ಲೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಪ್ಪತ್ತು ದಾಟಿದ ಮೇಲೂ ರಂಗದ ಮೇಲೆ ಕುಣಿದರು, ಜನ ಕಣ್ತುಂಬಿಕೊಂಡರು. ಸಂತೋಷವೇ. ಆ ಸಂತೋಷದಲ್ಲಿ ಹೆಣ್ಣಿಗೇಕೆ ಪಾಲಿಲ್ಲ?

ಹಾಲಿವುಡ್ಡೂ ಸಾಚಾ ಅಲ್ಲ. 1962ರ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ನಲ್ಲಿ ಏಂಜೆಲಾ ಲ್ಯಾನ್ಸ್‌ಬರಿ ತನಗಿಂತ ಮೂರೇ ವರ್ಷ ಚಿಕ್ಕವನಾದ ಲಾರೆನ್ಸ್ ಹಾರ್ವೆಗೆ ತಾಯಿಯಾದರು. ಆದರೆ 1984ರಲ್ಲಿ, ತಮ್ಮ 58ನೇ ವಯಸ್ಸಿನಲ್ಲಿ, ಅವರು ‘ಮರ್ಡರ್, ಶೀ ರೋಟ್’ ಧಾರಾವಾಹಿಯ ಕೇಂದ್ರಕ್ಕೆ ಬಂದರು. ಕೊಲೆಗಳ ಗುಟ್ಟು ಬಿಡಿಸುವ ವಿಧವೆ ಲೇಖಕಿಯ ಪಾತ್ರ. ಅದು 1996ರವರೆಗೆ ನಡೆಯಿತು.

‘ಪ್ರೇಕ್ಷಕರು ಒಪ್ಪುವುದಿಲ್ಲ’ ಎಂಬುದು ನಮ್ಮ ನಿರ್ಮಾಪಕರ ಹಳೆಯ ರಾಗ. ಹಾಗಾದರೆ ‘ಪುಟ್ಟಕ್ಕನ ಮಕ್ಕಳು’ ನೋಡಿದವರು ಯಾರು? ಗಂಡ ಕೈಬಿಟ್ಟರೂ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ 2021ರಲ್ಲಿ ಉಮಾಶ್ರೀ ಕಿರುತೆರೆಗೆ ಬಂದಾಗ ಅರವತ್ತು ದಾಟಿದ್ದರು. ಅದಕ್ಕೂ ಮೊದಲು 2008ರ ‘ಗುಲಾಬಿ ಟಾಕೀಸ್’ನಲ್ಲಿ ಸಿನಿಮಾದ ಹುಚ್ಚು ಹಿಡಿದ ಮುಸ್ಲಿಂ ಸೂಲಗಿತ್ತಿಯ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರದ ಮೂಲ ವೈದೇಹಿಯವರ ಸಣ್ಣಕತೆ. ಕೊರತೆ ಇರುವುದು ಕತೆಗಳದ್ದೂ ಅಲ್ಲ, ನಟಿಯರದ್ದೂ ಅಲ್ಲ.

ಉಮ್ಮಚಗಿಯ ಸುತ್ತಮುತ್ತ ಐವತ್ತು ದಾಟಿದ ಹೆಂಗಸರು ಅಡಿಕೆ ಸುಲಿಯುತ್ತಾರೆ, ಸಂಘದ ಲೆಕ್ಕ ಬರೆಯುತ್ತಾರೆ, ಒಂಟಿಯಾಗಿ ಸಂಸಾರ ತೂಗಿಸುತ್ತಾರೆ. ಸಂಜೆ ಟಿ.ವಿ. ಹಾಕಿದರೆ ಅವರ ಪ್ರಾಯದವಳು ಒಂದೋ ಕಣ್ಣೀರಿಡುವ ಅಮ್ಮ, ಇಲ್ಲವೇ ವಿಷ ಕಾರುವ ಅತ್ತೆ. ಪಂಡರಿಬಾಯಿಯವರಿಗೆ ಆದ ಅನ್ಯಾಯವನ್ನು ಇನ್ನು ಸರಿಪಡಿಸಲಾಗದು. ಈ ಹೆಂಗಸರಿಗೆ ಆಗುತ್ತಿರುವುದನ್ನು ನಿಲ್ಲಿಸಬಹುದು.