ಕಾಣದ ನೋವೂ ನಿಜವೇ



ಸಕ್ಕರೆ ಕಾಯಿಲೆಯಿರುವ ನಿಮ್ಮ ಅಜ್ಜಿ 'ಪಾದ ಉರಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ' ಎನ್ನುತ್ತಾರೆಯೇ? ಗಾಯವಿಲ್ಲ, ಊತವಿಲ್ಲ ಎಂದು ನಗಬೇಡಿ. ಅದು ನರನೋವು ಇರಬಹುದು. ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಕ್ಕೇ ಹಾನಿಯಾದರೆ, ಅದು ಗಾಯವಿಲ್ಲದೆಯೂ ಸುದ್ದಿ ಕಳುಹಿಸುತ್ತದೆ. ಸುದ್ದಿ ಸುಳ್ಳು, ಆದರೆ ನೋವು ನಿಜ.

ಇಂಥ ನೋವಿಗೆ ಸಾಮಾನ್ಯ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಹಾಗಾಗಿ ವಿಜ್ಞಾನಿಗಳು ವಿಷದಲ್ಲೂ ಮದ್ದು ಹುಡುಕಿದರು. ಶಂಕುವಿನಾಕಾರದ ಚಿಪ್ಪಿರುವ ಒಂದು ಸಮುದ್ರ ಬಸವನಹುಳು ವಿಷ ಚುಚ್ಚಿ ಮೀನು ಹಿಡಿಯುತ್ತದೆ. ಆ ವಿಷದಲ್ಲಿ ಪೆಪ್ಟೈಡ್‌ಗಳಿವೆ. ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಸರ, ಚನ್ನಪಟ್ಟಣದ ಮರದ ಮಣಿಗಳನ್ನು ಪೋಣಿಸಿದಂತೆ. ಅಂಥ 25 ಮಣಿಗಳ ಒಂದು ಸರವನ್ನು ಪ್ರಯೋಗಾಲಯದಲ್ಲೇ ಪೋಣಿಸಿ ಜಿಕೊನೊಟೈಡ್ ಎಂಬ ಔಷಧ ಮಾಡಿದರು. ನೋವಿನ ಸುದ್ದಿ ದಾಟಲು ಬೇಕಾದ ಕ್ಯಾಲ್ಸಿಯಂ ಬಾಗಿಲನ್ನು ಅದು ಮುಚ್ಚುತ್ತದೆ. 2004ರಲ್ಲಿ ಅಮೆರಿಕ ಅದನ್ನು ಒಪ್ಪಿತು. ಆದರೆ ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಸೇರಿಸಬೇಕು. ಅಡ್ಡ ಪರಿಣಾಮಗಳೂ ಇವೆ. ಆದ್ದರಿಂದ ಅದು ತೀವ್ರ ನೋವಿಗೆ ಮಾತ್ರ. ಹುಡುಕಾಟ ಮುಗಿದಿಲ್ಲ.

ಕಡಲಿಲ್ಲದ ನಮ್ಮ ಕೆಂಪಾಪುರಕ್ಕೆ ಕಡಲ ಹುಳುವಿನ ಮಾತೇಕೆ ಎನ್ನುವಿರಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಮತ್ತು ಸಂಗಡಿಗರು ನಮ್ಮ ಕಡಲಿನ ಇಂಥ ಹುಳುಗಳ ಪೆಪ್ಟೈಡ್‌ಗಳನ್ನೇ ಅಭ್ಯಾಸ ಮಾಡಿದ್ದಾರೆ. ಹುಳು ಓದಿ ಏನು ಲಾಭ ಎಂದು ಕೇಳುವವರಿದ್ದಾರೆ. ಲಾಭ ಮೊದಲೇ ಕಾಣುವುದಿಲ್ಲ. ಆದರೂ ಇಂಥ ಓದು ನಿಲ್ಲಬಾರದು ಎಂಬುದೇ ನನ್ನ ಅಭಿಪ್ರಾಯ.

ಹೊಸ ಮದ್ದು ಬರುವವರೆಗೆ ನಿಮಗೂ ಒಂದು ಕೆಲಸವಿದೆ. ಅಜ್ಜಿಯ ಮಾತನ್ನು ನಂಬಿ. ಅವರ ಪಾದಗಳನ್ನು ದಿನವೂ ನೋಡಿ, ಬರಿಗಾಲಲ್ಲಿ ನಡೆಯಲು ಬಿಡಬೇಡಿ. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವಂತೆ ಅಪ್ಪ ಅಮ್ಮನಿಗೆ ಹೇಳಿ.